ಪಾಸ್‌ವರ್ಡಿಗೆ ಎರಡು ಕೋಟ್ ಪೇಂಟ್

ಹೊಸಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಸುತ್ತಲಿನ ಊರುಗಳ ಕಂಪ್ಯೂಟರು, ಫೋನುಗಳನ್ನು ರಿಪೇರಿ ಮಾಡುತ್ತೇನೆ. ಜೊತೆಗೆ, ಕಳ್ಳರ ಕೈಗೆ ಸಿಗದ ಹಾಗೆ ಅವನ್ನು ಬಳಸುವುದು ಹೇಗೆ ಅಂತ ಪುಕ್ಕಟೆ ಬುದ್ಧಿವಾದ ಹೇಳುತ್ತೇನೆ. ರಿಪೇರಿ ಬೇಗ ಮುಗಿಯುತ್ತದೆ, ಬುದ್ಧಿವಾದದ್ದೇ ಫಜೀತಿ. ನಮ್ಮ ಜನ ಕೇಳುವುದಿಲ್ಲ ಅಂತಲ್ಲ, ಭಾಳ ಶ್ರದ್ಧೆಯಿಂದ ಕೇಳುತ್ತಾರೆ. ಆಮೇಲೆ ತಮಗೆ ಸರಿಕಂಡ ಹಾಗೆ ಪಾಲಿಸುತ್ತಾರೆ. ಹೀಗಾಗಿ ಇಂಥ ಪ್ರಸಂಗಗಳಿಗೆ ನನಗೆ ಬರವೇ ಇಲ್ಲ.

೧. ಮಿಲ್ಲಿನ ಗೋಡೆ

ಕಂಪ್ಲಿಯ ಒಂದು ರೈಸ್ ಮಿಲ್ಲು. ಅಲ್ಲಿನ ಕಂಪ್ಯೂಟರಿಗೆ ಮಾಲೀಕರ ಹೆಸರೇ ಪಾಸ್‌ವರ್ಡು. ಆ ಹೆಸರು ಮಿಲ್ಲಿನ ಬೋರ್ಡಿನ ಮೇಲೂ ಇತ್ತು. ಹೀಗಿಟ್ಟರೆ ಯಾರು ಬೇಕಾದರೂ ಒಳಗೆ ನುಗ್ಗುತ್ತಾರೆ ಅಂತ ಹೇಳಿ, ಅಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ ನಾನೇ ಒಂದು ಕಷ್ಟದ್ದನ್ನು ಮಾಡಿಕೊಟ್ಟೆ. ಮರೆತರೆ ಕೆಲಸ ಕೆಟ್ಟಿತು, ಜೋಪಾನ ಅಂತಲೂ ಅಂದೆ.

ಮುಂದಿನ ಸಲ ಹೋದಾಗ ಗೋಡೆ ನೋಡಿ ನಿಂತುಬಿಟ್ಟೆ. 'ಬೀಡಿ ಸೇದಬಾರದು' ಅನ್ನುವ ಸಾಲಿನ ಕೆಳಗೆ, ಅದೇ ಕೆಂಪು ಆಯಿಲ್ ಪೇಂಟಿನಲ್ಲಿ, ಅಷ್ಟೇ ದೊಡ್ಡದಾಗಿ ನನ್ನ ಪಾಸ್‌ವರ್ಡು. ಅಳಿಸಿ ಹೋಗಬಾರದೆಂದು ಎರಡು ಕೋಟ್ ಹೊಡೆಸಿದ್ದರು. ಭತ್ತ ತಂದ ಲಾರಿಯವರು ಚೀಲದ ಮೇಲೆ ಕೂತು ಅದನ್ನು ಓದುತ್ತಿದ್ದರು. ಇದು ಗುಟ್ಟಾಗಿರಬೇಕು, ಆಗಾಗ ಬದಲಿಸಲೂ ಬೇಕು ಅಂದೆ. ಮಾಲೀಕರು ಚಿಂತೆಗೆ ಬಿದ್ದರು.

"ಬದಲಿ ಮಾಡೋಣ್ರಿ, ಅದೇನ್ ದೊಡ್ಡದಲ್ಲ. ಆದ್ರ ಆ ಪೇಂಟರ್ ವರ್ಷಕ್ಕ ಒಮ್ಮೆ ಸಿಗೋದ ಭಾಳ."

೨. ಲಾರಿ ಹಾಡು

ಸಂಡೂರಿನ ಒಂದು ಅದಿರು ಸಾಗಣೆ ಆಫೀಸಿನಲ್ಲಿ ಕಂಪ್ಯೂಟರುಗಳಿಗೆಲ್ಲ ವೈರಸ್ಸು. ಕಾರಣ ಹುಡುಕಿದರೆ, ಡ್ರೈವರುಗಳ ಪೆನ್‌ಡ್ರೈವು. ಹೊಸ ಹಾಡು ಹಾಕಿಕೊಡಿ ಅಂತ ಒಬ್ಬೊಬ್ಬರೂ ತಮ್ಮ ಪೆನ್‌ಡ್ರೈವ್ ತಂದುಕೊಡುತ್ತಿದ್ದರು, ಗುಮಾಸ್ತರು ಅದನ್ನು ಆಫೀಸಿನ ಕಂಪ್ಯೂಟರಿಗೆ ಚುಚ್ಚಿ ಹಾಕಿಕೊಡುತ್ತಿದ್ದರು. ಊರವರ ಪೆನ್‌ಡ್ರೈವ್ ಇನ್ನು ಇಲ್ಲಿಗೆ ಬರಕೂಡದು ಅಂತ ಕಟ್ಟುನಿಟ್ಟಾಗಿ ಹೇಳಿ ಬಂದೆ. ತಿಂಗಳು ಕಳೆಯುವುದರೊಳಗೆ ಮತ್ತೆ ಫೋನು, ಮತ್ತೆ ವೈರಸ್ಸು.

ಗುಮಾಸ್ತರಿಗೆ ನನ್ನ ಅನುಮಾನ ಕಂಡು ಬೇಜಾರಾಯಿತು. ನೀವು ಹೇಳಿದ ಮೇಲೆ ಒಬ್ಬರದ್ದೂ ಮುಟ್ಟಿಲ್ಲ ಅಂತ ದೇವರಾಣೆ ಮಾಡಿದರು. ಮೇಜಿನ ಮೇಲೆ ಅದಿರಿನ ಧೂಳು ಮೆತ್ತಿ ಕೆಂಪಗಾದ ಪೆನ್‌ಡ್ರೈವ್ ಒಂದು ಬಿದ್ದಿತ್ತು. ಹಾಗಾದರೆ ಇದು ಯಾರದು ಅಂತ ಕೇಳಿದೆ.

"ಅದು ನಮ್ಮ ಆಫೀಸಿಂದರಿ. ಹೊಸಾದು ತರಿಸೀನಿ. ಎಲ್ಲಾ ಲಾರಿಗೂ ಅದನ್ನ ಪಾಳಿ ಪ್ರಕಾರ ಕೊಡ್ತೀನಿ."

೩. ಐದು ಬೆರಳು

ಹಂಪಿಯಲ್ಲಿ ಒಬ್ಬರು ಅಕ್ಕ ಸಣ್ಣ ಖಾನಾವಳಿ ನಡೆಸುತ್ತಾರೆ. ಅವರ ಫೋನಿಗೆ ಬೆರಳಿನ ಲಾಕ್ ಹಾಕಿಕೊಟ್ಟೆ. ದಿನವೂ ಬೂದಿ ಹಾಕಿ ಪಾತ್ರೆ ತಿಕ್ಕಿ, ರೊಟ್ಟಿ ಬಡಿದು ಅವರ ಬೆರಳ ಗೆರೆಗಳು ಸವೆದಿದ್ದವು. ಫೋನು ಒಮ್ಮೆ ಗುರುತು ಹಿಡಿಯುತ್ತಿತ್ತು, ನಾಲ್ಕು ಸಲ ಇಲ್ಲ ಅನ್ನುತ್ತಿತ್ತು. ಮುಂದೆ ನಾನು ಹೋಗುವಷ್ಟರಲ್ಲಿ ಅಕ್ಕ ತಾವೇ ದಾರಿ ಕಂಡುಕೊಂಡಿದ್ದರು. ಗಂಡ, ಅತ್ತೆ, ಹೂವಿನವಳು, ಹಾಲಿನವನು, ಎದುರಿನ ಅಂಗಡಿಯವನು, ಹೀಗೆ ಐವರ ಬೆರಳ ಗುರುತು ಫೋನಿಗೆ ಹಿಡಿಸಿದ್ದರು. ಯಾವ ಹೊತ್ತಿನಲ್ಲೂ ಯಾರಾದರೊಬ್ಬರು ಹತ್ತಿರ ಇದ್ದೇ ಇರುತ್ತಾರಲ್ಲ ಅನ್ನುವ ಲೆಕ್ಕ. ಈ ಫೋನಿಗೆ ಲಾಕಾದರೂ ಯಾಕಕ್ಕಾ ಅಂತ ತಲೆ ಚಚ್ಚಿಕೊಂಡೆ. ಅಕ್ಕನಿಗೆ ಬೇರೆಯದೇ ಕೊರಗು.

"ಐದು ಮಂದೀದಷ್ಟ ಹಿಡೀತೈತ್ರಿ ಇದು. ಓಣ್ಯಾಗ ಉಳದೋರು ಬ್ಯಾಸರ ಮಾಡ್ಕೊಂಡಾರ. ದೊಡ್ಡ ಫೋನ್ ಯಾವುದೈತಿ?"

೪. ಹಪ್ಪಳದ ದಿನ

ಮರಿಯಮ್ಮನಹಳ್ಳಿಯ ನಮ್ಮ ದೊಡ್ಡವ್ವನ ವಿಷಯಕ್ಕೆ ಬಂದರೆ ನನಗೆ ನಗು ಬರುವ ಮೊದಲು ಭಯವೇ ಬರುತ್ತದೆ. ಅವಳ ಬ್ಯಾಂಕಿನಲ್ಲಿದ್ದದ್ದು ಮೊಮ್ಮಗಳ ನರ್ಸಿಂಗ್ ಕಾಲೇಜಿಗೆಂದು ಕೂಡಿಟ್ಟ ದುಡ್ಡು. ಅದು ಹೋದರೆ ಹುಡುಗಿಯ ಓದು ಅಲ್ಲಿಗೆ ನಿಂತ ಹಾಗೆ. ಅದಕ್ಕೇ ಹೋದಾಗಲೆಲ್ಲ ಪಾಠ ಹೇಳಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಅವಳ ಪಕ್ಕದ ಮನೆಯಾಕೆ ಫೋನ್ ಮಾಡಿದಳು.

"ನಿಮ್ಮ ದೊಡ್ಡವ್ವನ್ನ ಪೊಲೀಸ್ರು ಫೋನಿನ್ಯಾಗ ಅರೆಸ್ಟ್ ಮಾಡ್ಯಾರಂತ. ಜಲ್ದಿ ಬರ್ರಿ. ಬರೋವಾಗ ಜೀರಗಿ ತರ್ರಿ, ಹಪ್ಪಳಕ್ಕ ಕಡಿಮಿ ಬಿದ್ದೈತಿ."

ಅಂಗಡಿ ಹಾಗೇ ಬಿಟ್ಟು ಬೈಕ್ ಹತ್ತಿದೆ. ಅಲ್ಲಿ ನಡೆದದ್ದು ಆಮೇಲೆ ಗೊತ್ತಾಯಿತು.

ವಿಡಿಯೋ ಕಾಲಿನಲ್ಲಿ ಪೊಲೀಸ್ ಡ್ರೆಸ್ಸಿನವನೊಬ್ಬ ಬಂದು, ನಿನ್ನ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆ, ನೀನು ಅರೆಸ್ಟ್ ಆಗಿದ್ದೀ, ಯಾರಿಗೂ ಹೇಳಬೇಡ, ದುಡ್ಡೆಲ್ಲ ನಾವು ಹೇಳಿದ ಕಡೆ ಕಳಿಸು, ತನಿಖೆ ಮುಗಿದ ಮೇಲೆ ವಾಪಸ್ ಕೊಡುತ್ತೇವೆ ಅಂತ ಗದರಿಸಿದ್ದ. ದೊಡ್ಡವ್ವ ನಂಬಿ, ಪಾಸ್‌ಬುಕ್ ತೆಗೆದು ತೊಡೆ ಮೇಲೆ ಇಟ್ಟುಕೊಂಡಿದ್ದಳು.

ಆದರೆ ಅವತ್ತು ಹಪ್ಪಳದ ಪಾಳಿ ಅವಳ ಮನೆಯದು. ನಮ್ಮ ಕಡೆ ಯಾರೂ ಒಬ್ಬರೇ ಹಪ್ಪಳ ಮಾಡುವುದಿಲ್ಲ, ದಿನಕ್ಕೊಂದು ಮನೆಯಂತೆ ಓಣಿಯ ಹೆಂಗಸರೆಲ್ಲ ಸೇರುತ್ತಾರೆ. ತೆರೆದ ಬಾಗಿಲಿನಿಂದ ಆರು ಜನ ಮಣೆ, ಲಟ್ಟಣಿಗೆ ಹಿಡಿದು ಒಳಗೆ ಬಂದರು. ಯಾರೂ ಇರಕೂಡದು ಅಂತ ಅವನು ಕೂಗಿದ. ಹಿಟ್ಟು ನಾದಿ ಆಗಿದೆ, ಬಿಟ್ಟರೆ ಬಿರುಸಾಗುತ್ತದೆ ಅಂತ ಅವರು ಕೂತೇಬಿಟ್ಟರು. ಪಕ್ಕದ ಮನೆಯಾಕೆಗೆ ಮಾತ್ರ ಏನೋ ಅನುಮಾನ ಬಂದು, ಹಿತ್ತಲಿಗೆ ಹೋಗಿ ನನಗೆ ಫೋನ್ ಮಾಡಿದ್ದಳು.

ಉಳಿದ ಐವರಿಗೆ ಅವನು ನಿಜವಾದ ಪೊಲೀಸೇ. ಅವರಲ್ಲಿ ಒಬ್ಬಾಕೆ ಲಗ್ನ ಆಗೈತೇನಪ್ಪಾ ಅಂತ ಕೇಳಿದಳು. ಅವನು ಬಾಯಿತಪ್ಪಿ ಇಲ್ಲ ಅಂದ. ಸರ್ಕಾರಿ ನೌಕರಿ, ಲಗ್ನವಾಗಿಲ್ಲ! ಆಕೆಗೆ ಗಾದಿಗನೂರಿನಲ್ಲಿ ಅಣ್ಣನ ಮಗಳಿದ್ದಳು. ಯಾವ ಊರು, ಅವ್ವ ಅಪ್ಪ ಇದ್ದಾರಾ, ಎಷ್ಟು ಜನ ಅಣ್ಣತಮ್ಮಂದಿರು ಅಂತ ಹಪ್ಪಳ ಲಟ್ಟಿಸುತ್ತಲೇ ವಿಚಾರಣೆ ಶುರುವಾಯಿತು. ನಿಮ್ಮೆಲ್ಲರನ್ನೂ ಅರೆಸ್ಟ್ ಮಾಡುತ್ತೇನೆ ಅಂತ ಅವನು ಅರಚಿದ. ಸಿಟ್ಟು ಜಾಸ್ತಿ, ಲಗ್ನ ಆದರೆ ಸರಿಹೋಗುತ್ತಾನೆ ಅಂತ ತಮ್ಮತಮ್ಮಲ್ಲೇ ತೀರ್ಮಾನಿಸಿದರು. ಕೊನೆಗೆ ಆ ಸೋದರತ್ತೆ ಫೋನಿನ ಹತ್ತಿರ ಬಗ್ಗಿದಳು.

"ಮಕ ಚಲೋ ಐತಿ, ಎತ್ತರ ತಿಳಿವಲ್ದು. ಒಂದೀಟು ಎದ್ದು ನಿಂದ್ರಪ್ಪ."

ಅವನು ಸಿಟ್ಟಿಗೆ ಮೇಜು ಗುದ್ದಿ ಧಡಕ್ಕನೆ ಎದ್ದ. ಮೇಲೆ ಸ್ಟಾರು ಹಚ್ಚಿದ ಖಾಕಿ ಅಂಗಿ, ಕೆಳಗೆ ಚೌಕಳಿ ಲುಂಗಿ. ಲಟ್ಟಣಿಗೆಗಳೆಲ್ಲ ಒಮ್ಮೆಲೇ ನಿಂತವು. ಆಮೇಲೆ ಎದ್ದ ನಗುವಿಗೆ ಅವನೇ ಕಾಲ್ ಕಟ್ ಮಾಡಿ ಓಡಿದ.

ನಾನು ಹೋದಾಗ ಇನ್ನೂ ನಗುತ್ತಿದ್ದರು. ದೊಡ್ಡವ್ವ ಅಳುತ್ತಾ ನಗುತ್ತಿದ್ದಳು. ದುಡ್ಡು ಉಳಿದಿತ್ತು. ನನ್ನ ಜೀವ ಆಗ ಬಂತು, ಬಂದ ಕೂಡಲೇ ಬೈಯಲು ಶುರುಮಾಡಿದೆ. ಎಷ್ಟು ಹೇಳಿಕೊಟ್ಟೆ, ಒಂದಾದರೂ ನೆನಪಿಗೆ ಬರಲಿಲ್ಲವಾ ಅಂತ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ತಿರುಗಿ ಗದರಿಸಿದಳು.

"ಓಟಿಪಿ ಹೇಳಬ್ಯಾಡ ಅಂದಿ, ಲಿಂಕ್ ಒತ್ತಬ್ಯಾಡ ಅಂದಿ. ಎದ್ದು ನಿಂದ್ರಿಸಿ ನೋಡು ಅಂತ ಒಮ್ಮೆರ ಹೇಳಿದ್ದೇನಲೇ?"