ಮಲಗಿದ ಗ್ರಂಥಿಯನ್ನು ಎಬ್ಬಿಸಿದ್ದು

ಎಸೆನ್‌ಕುಲನನ್ನು ಕಂಡರೆ ಅವನ ಕುದುರೆಯೇ ಹಿಂದೆ ಸರಿಯತೊಡಗಿತ್ತು. ಅದರ ತಪ್ಪೇನಿಲ್ಲ. ಉಬ್ಬಸಕ್ಕೆಂದು ಎರಡು ಚಳಿಗಾಲ ನುಂಗಿದ ಸ್ಟೀರಾಯ್ಡ್ ಮಾತ್ರೆ ಉಬ್ಬಸವನ್ನೇನೋ ಓಡಿಸಿತ್ತು, ಆದರೆ ಆ ಜಾಗದಲ್ಲಿ ಹಸಿವನ್ನು ತಂದು ಕೂರಿಸಿತ್ತು. ಮೈಯ ತೂಕ ಏರಿತ್ತು, ಮುಖ ಆಗತಾನೇ ಒಲೆಯಿಂದ ತೆಗೆದ ರೊಟ್ಟಿಯಂತೆ ಉಬ್ಬಿತ್ತು. ಕುದುರೆಯೇರಿ ಆಡಿನ ಕಳೇಬರಕ್ಕೆ ಕಿತ್ತಾಡುವ ಆಟದಲ್ಲಿ ನಾರಿನ್ ಕಣಿವೆಯಲ್ಲೇ ಅವನಿಗೆ ಸಮನಿರಲಿಲ್ಲ. ವಸಂತದ ಪಂದ್ಯ ಹತ್ತಿರ ಬಂದಿತ್ತು, ಡಾಕ್ಟರಮ್ಮ ಕುದುರೆ ಹತ್ತಲು ಬಿಡುತ್ತಿರಲಿಲ್ಲ.

"ಮಾತ್ರೆಯಿಂದಲೇ ಹಾರ್ಮೋನು ಸಿಕ್ತಾ ಇದ್ರೆ ನಿನ್ನ ಅಡ್ರಿನಲ್ ಗ್ರಂಥಿ ಯಾಕಪ್ಪಾ ದುಡಿಯುತ್ತೆ? ಮಲ್ಕೊಂಡ್ಬಿಟ್ಟಿದೆ," ಎಂದಿದ್ದರು ಆಕೆ. "ಅದಕ್ಕೇ ಮಾತ್ರೆ ಇಷ್ಟಿಷ್ಟೇ ಇಳಿಸ್ತಾ ಬಂದಿರೋದು. ಗ್ರಂಥಿ ಏಳೋ ತನಕ ಕುದುರೆಯಿಂದ ಬಿದ್ದು ಪೆಟ್ಟಾದ್ರೆ ಮೈ ತಡ್ಕೊಳ್ಳಲ್ಲ. ನಾಳೆ ಬೆಳಿಗ್ಗೆ ಮಾತ್ರೆ ತಗೊಳ್ದೆ ಬಾ. ರಕ್ತ ಕೊಟ್ಟ ಮೇಲೆ ನುಂಗು. ಗ್ರಂಥಿ ಎದ್ದಿದ್ರೆ ಮಾತ್ರೆ ನಿಲ್ಸೋಣ, ಕುದುರೆನೂ ಹತ್ತು. ಆದ್ರೆ ಸಮಾಧಾನವಾಗಿ ಬಾ. ಹೆದರಿದ್ರೆ ಹಾರ್ಮೋನು ಏರುತ್ತೆ."

ಕೊನೆಯ ಮಾತನ್ನು ಅವನು ಪಕ್ಕದ ಮನೆಯ ಜಪಾರನಿಗೆ ಹೇಳಬಾರದಿತ್ತು.

ಮರುದಿನ ಬೆಳಿಗ್ಗೆ ಹೊರಡುವಾಗ ತಾಯಿ ಬುರುಲ್ ಹೊಸ್ತಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಕೆನೆ ಸವರಿದ ರೊಟ್ಟಿ. ರೊಟ್ಟಿ ಬಾಯಿಗೆ ಹಾಕಿಕೊಳ್ಳದೆ ಆ ಸೀಮೆಯಲ್ಲಿ ಯಾರೂ ಮನೆ ಬಿಡುವುದಿಲ್ಲ.

"ಅಮ್ಮಾ, ಕೆನೆ ಯಾಕೋ ಕಹಿ," ಎಂದ ಎಸೆನ್‌ಕುಲ.

"ಹಸು ಏನೋ ಸೊಪ್ಪು ಮೇಯ್ದಿರಬೇಕು. ನುಂಗು ಸುಮ್ನೆ."

ನುಂಗಿ ಗೇಟು ದಾಟಿದನೋ ಇಲ್ಲವೋ, ಬೇಲಿಯ ಹಿಂದಿನಿಂದ ತೋಳವೊಂದು ಮೈಮೇಲೆ ಹಾರಿತು. ಎಸೆನ್‌ಕುಲ ಮಣ್ಣಿಗೆ ಬಿದ್ದ. ಹೊದ್ದಿದ್ದ ತೋಳದ ಚರ್ಮವನ್ನು ಕಳಚಿ ಜಪಾರ ಅವನನ್ನು ಎತ್ತಿ ನಿಲ್ಲಿಸಿದ.

"ಏರ್ತಾ ಹಾರ್ಮೋನು?"

"ಜಪಾರಣ್ಣ, ನಿಂಗೇನು ತಲೆ ಕೆಟ್ಟಿದ್ಯಾ?"

"ಕೋಪಾನೂ ಒಳ್ಳೇದೇ. ಕಾರು ಹತ್ತು, ನಾನೇ ಬಿಡ್ತೀನಿ."

ಬುರುಲ್ ಕೂಡ ರೊಟ್ಟಿಯ ಚೀಲ ಹಿಡಿದು ಹತ್ತಿದಳು. ದಾರಿಯಲ್ಲಿ ಜಪಾರ, "ನಿನ್ನ ಕುದುರೇನ ನಿಮ್ಮಮ್ಮ ಕಟುಕನಿಗೆ ಮಾರಿದ್ದಾಳಂತೆ," ಎಂದ. ಎಸೆನ್‌ಕುಲ ಓಡುವ ಕಾರಿನ ಬಾಗಿಲಿಗೇ ಕೈ ಹಾಕಿದ. ಹಿಂದೆ ಕೂತಿದ್ದ ಬುರುಲ್ ಚೀಲದಿಂದ ಜಪಾರನ ತಲೆಗೆ ಒಂದು ಬಿಟ್ಟಳು. ಅಷ್ಟಕ್ಕೇ ಬಿಡುವ ಮನುಷ್ಯನೇ ಅವನು? ಸೇತುವೆಯ ಮೇಲೆ ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಹಾಡತೊಡಗಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಎಸೆನ್‌ಕುಲನಿಗೆ ಸತ್ತು ಹುಟ್ಟಿದಂತಾಗಿತ್ತು. ರಕ್ತ ಕೊಟ್ಟ. ಹೇಳಿದಂತೆ ಮಾತ್ರೆ ನುಂಗಿದ. ಬೆಂಚಿನ ಮೇಲೆ ಮುದುಡಿ ಕೂತ.

ಮಧ್ಯಾಹ್ನ ಡಾಕ್ಟರಮ್ಮ ನಗುತ್ತಾ ಬಂದರು. "ಗ್ರಂಥಿ ಎದ್ದಿದೆ ಕಣಪ್ಪಾ. ಇಷ್ಟು ಚೆನ್ನಾಗಿರೋ ಮಟ್ಟ ನಾನು ನೋಡೇ ಇರ್ಲಿಲ್ಲ. ನಾಳೆಯಿಂದ ಮಾತ್ರೆ ಬೇಡ."

ಎಸೆನ್‌ಕುಲನ ಕಣ್ಣು ತುಂಬಿ ಬಂತು. ಮನಸ್ಸು ಆಗಲೇ ಕುದುರೆಯ ಮೇಲಿತ್ತು.

ಜಪಾರ ಎದೆಯುಬ್ಬಿಸಿದ. "ಎಬ್ಬಿಸಿದ್ದು ನಾನು. ತೋಳ ನಂದು, ಸೇತುವೆ ಉಪಾಯ ನಂದು."

ಬುರುಲ್‌ಗೆ ಇದು ತಡೆಯಲಾಗಲಿಲ್ಲ. ಹೆತ್ತವಳು ಇಲ್ಲಿ ಕೂತಿರುವಾಗ ಹೆಸರು ಪಕ್ಕದ ಮನೆಯವನಿಗೇ?

"ನೀನೇನು ಕಿಸಿದೆ? ಡಾಕ್ಟರಮ್ಮ, ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ ಅಂತ ನೀವೇ ಅಲ್ವಾ ಮೊದ್ಲು ಹೇಳಿದ್ದು? ಇವನು ಬೇಡ ಅಂತಿದ್ದ. ನಾನೇ ಅರೆದು ಕೆನೇಲಿ ಕಲೆಸಿ ತಿನ್ನಿಸ್ದೆ. ಅದಕ್ಕೇ ಗ್ರಂಥಿಗೆ ಶಕ್ತಿ ಬಂತು."

ಡಾಕ್ಟರಮ್ಮ ವರದಿಯನ್ನು ನಿಧಾನವಾಗಿ ಎರಡಾಗಿ ಹರಿದರು. "ಮಾತ್ರೆ ಹಾರ್ಮೋನು ಯಾವುದು, ಮೈಯದು ಯಾವುದು ಅಂತ ಈ ಪರೀಕ್ಷೆಗೆ ಗೊತ್ತಾಗಲ್ಲಮ್ಮ. ಮುಂದಿನ ತಿಂಗಳು ಮತ್ತೆ ನೋಡೋಣ. ಮಾತ್ರೆ ನಿಲ್ಸೋ ಹಾಗಿಲ್ಲ, ಕುದುರೆ ಹತ್ತೋ ಹಾಗಿಲ್ಲ." ಆಮೇಲೆ ಎಸೆನ್‌ಕುಲನ ಕಡೆ ತಿರುಗಿದರು. "ರಕ್ತ ಕೊಟ್ಟು ಇನ್ನೊಂದು ನುಂಗಿದ್ಯಲ್ಲ? ಇವತ್ತು ಎರಡಾಯ್ತು. ಹಸಿವು ಜಾಸ್ತಿ ಆಗ್ಬಹುದು."

ಆಗಲೇ ಆಗಿತ್ತು. ವಾಪಸು ದಾರಿಯಲ್ಲಿ ತಾಯಿಯ ಚೀಲದ ರೊಟ್ಟಿ, ಕೆನೆ ಎಲ್ಲ ಖಾಲಿಯಾಯಿತು. ಈ ಸಲ ಕೆನೆ ಸಿಹಿಯಾಗಿಯೇ ಇತ್ತು. ಪಂದ್ಯ ಹೋದ ದುಃಖವೂ ಆ ರುಚಿಯ ಮುಂದೆ ಸ್ವಲ್ಪ ಹಗುರಾಯಿತು. ಮಗ ಹೊಟ್ಟೆ ತುಂಬಾ ಉಣ್ಣುವುದನ್ನು ನೋಡುತ್ತಾ ಬುರುಲ್ ತೃಪ್ತಿಯಿಂದ ಕೂತಿದ್ದಳು.

"ಮುಂದಿನ ತಿಂಗಳು ತೋಳ ಸಾಲಲ್ಲ," ಎಂದ ಜಪಾರ. "ನಮ್ಮ ಭಾವನ ಹತ್ರ ಒಂದು ಗೂಳಿ ಇದೆ."

ಕಾರು ಅಂಗಳಕ್ಕೆ ಬಂದಾಗ ಕುದುರೆ ತಲೆಯೆತ್ತಿ ಎಸೆನ್‌ಕುಲನನ್ನು ನೋಡಿತು. ಆಮೇಲೆ ನೆಮ್ಮದಿಯಿಂದ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.