ಪಕ್ಕದ ಮನೆಗೆ ಓಡಿಬಂದ ಕೋರಾಲಿಯ ವಿಚಾರವಾಗಿ

ವಿಲೋಬ್ರೂಕ್ ಕಾಲೇಜಿನ ಸೊರಾರಿಟಿ (ಸೋದರಿಸಂಘ) ಸೇರ್ಪಡೆ ಸಮಿತಿಯ ಅಧ್ಯಕ್ಷೆ ಶ್ರೀಮತಿ ಲುಸಿಂಡಾ ಪ್ರ್ಯಾಟ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಸೇಬು ಕೆಂಪಾಗುವ, ಕುಂಬಳಕಾಯಿಗಳು ಮನೆಯ ಮೆಟ್ಟಿಲೇರಿ ಕೂರುವ ಈ ಅಕ್ಟೋಬರಿನಲ್ಲಿ ತಮಗೂ, ತಮ್ಮ ಸಮಿತಿಯ ಸದಸ್ಯರಿಗೂ, ಯಾವ ಹುಡುಗಿ ಯಾವ ಸೋದರಿಸಂಘದ ಮನೆಗೆ ಸೇರತಕ್ಕವಳೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವ ತಮ್ಮ ಕಂಪ್ಯೂಟರಿಗೂ ನನ್ನ ವಿನಮ್ರ ನಮಸ್ಕಾರಗಳು. ನಾನು ಹದಿನಾಲ್ಕನೆಯ ನಂಬರಿನ ಮನೆಯ ಹೌಸ್ ಮದರ್. ಕಳೆದ ಹತ್ತೊಂಬತ್ತು ವರ್ಷಗಳಿಂದ ಆ ಮನೆಯ ಹುಡುಗಿಯರಿಗೆ ಜ್ವರ ಬಂದರೆ ಸೂಪು, ಮನಸ್ಸು ಮುರಿದರೆ ಪೀಚ್ ಪೈ ಕೊಟ್ಟುಕೊಂಡು ಬಂದವಳು.

ಮೊದಲಿಗೆ ತಮ್ಮ ವೇಗವನ್ನು ಕೊಂಡಾಡದೆ ಮುಂದುವರಿದರೆ ನಾನು ಕೃತಘ್ನಳಾದೇನು. ಆಗಸ್ಟ್ ತಿಂಗಳ ಒಂದು ಶನಿವಾರ ಹದಿನೆಂಟರ ಹುಡುಗಿಯೊಬ್ಬಳು ದಿಂಬು, ಫ್ಯಾನು, ಅಮ್ಮನ ಕಣ್ಣೀರು ಇವಿಷ್ಟನ್ನೂ ಹೊತ್ತುಕೊಂಡು ಕಾಲೇಜಿಗೆ ಬಂದಿಳಿಯುತ್ತಾಳೆ. ಅವಳಿಗಿನ್ನೂ ಬಟ್ಟೆ ಒಗೆಯುವ ಕೋಣೆ ಎಲ್ಲಿದೆಯೆಂದು ಗೊತ್ತಿಲ್ಲ, ಒಂದೇ ಒಂದು ತರಗತಿಯೂ ಆರಂಭವಾಗಿಲ್ಲ. ಅಷ್ಟರಲ್ಲೇ ತಾವು ಅವಳನ್ನು ಬಿಸಿಲಿನಲ್ಲಿ ಹನ್ನೆರಡು ಮನೆಗಳ ಮುಂದೆ ನಿಲ್ಲಿಸಿ, ಮನೆಯೊಂದಕ್ಕೆ ಇಪ್ಪತ್ತು ನಿಮಿಷದಂತೆ ಹಾಡು ಕೇಳಿಸಿ, ಚಪ್ಪಾಳೆ ತಟ್ಟಿಸಿ, ಯಾವ ಊರು, ಯಾವ ವಿಷಯ ಓದುತ್ತೀ, ನಾಯಿ ಇಷ್ಟವೋ ಬೆಕ್ಕು ಇಷ್ಟವೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿಸಿ, ಆರನೆಯ ದಿನ ಚೀಟಿಗೆ ಸಹಿ ಹಾಕಿಸಿ, ಸಾಯುವವರೆಗಿನ ಅಕ್ಕತಂಗಿಯರನ್ನು ಕೊಟ್ಟುಬಿಡುತ್ತೀರಿ. ಕೆಂಟಕಿಯ ಗುಡ್ಡಗಳಲ್ಲಿ ನಮ್ಮಪ್ಪ ಒಂದು ಹೇಸರಗತ್ತೆ ಕೊಳ್ಳುವಾಗ ಹದಿನೈದು ದಿನ ಅದನ್ನು ಹಿತ್ತಲಿನಲ್ಲಿ ಕಟ್ಟಿಕೊಂಡು, ಒದೆಯುತ್ತದೆಯೋ ಕಚ್ಚುತ್ತದೆಯೋ, ಹಳ್ಳ ದಾಟುವಾಗ ಹೆದರುತ್ತದೆಯೋ ಎಂದೆಲ್ಲ ನೋಡುತ್ತಿದ್ದ. ಆ ಬಡಪಾಯಿ ಎಷ್ಟು ಕಾಲ ವ್ಯರ್ಥ ಮಾಡಿದನೆಂಬುದು ತಮ್ಮಿಂದ ನನಗೆ ಈಗ ತಿಳಿಯಿತು.

ಇನ್ನು ಕೋರಾಲಿಯ ಸಂಗತಿ. ಆ ಆರು ದಿನ ಮುಗಿದ ಶುಕ್ರವಾರ ಮಧ್ಯಾಹ್ನ ಕಾಲೇಜಿನ ಹುಲ್ಲುಹಾಸಿನ ಮೇಲೆ ಮುನ್ನೂರು ಹುಡುಗಿಯರು, ಕೋಳಿಗಳು ಮೊಟ್ಟೆಯ ಮೇಲೆ ಕೂತಂತೆ, ಕಂಪ್ಯೂಟರು ಆರಿಸಿದ ಮನೆಯ ನಂಬರಿದ್ದ ತಂತಮ್ಮ ಲಕೋಟೆಗಳ ಮೇಲೆ ಕೂತಿದ್ದರು. ಸೀಟಿ ಊದಿದ್ದೇ ತಡ, ಲಕೋಟೆ ಹರಿದು, ಒಮ್ಮೆಲೆ ಕಿರುಚಿ, ಸಿಕ್ಕ ಸಿಕ್ಕ ಕಡೆ ಓಟ ಕಿತ್ತರು. ಕೋರಾಲಿಯ ಲಕೋಟೆಯಲ್ಲಿದ್ದದ್ದು ನಮ್ಮ ಪಕ್ಕದ ಹದಿನಾರನೆಯ ಮನೆ. ಆದರೆ ಮಾನ್ಯರೇ, ನಮ್ಮ ಬೀದಿಯ ಹನ್ನೆರಡು ಮನೆಗಳಿಗೂ ಅವೇ ಬಿಳಿ ಕಂಬಗಳು, ಅವೇ ಬಲೂನುಗಳು, ಬಾಗಿಲಲ್ಲಿ ಅದೇ ಹಳದಿ ಅಂಗಿ ತೊಟ್ಟು ಅಳುತ್ತ ನಿಂತ ಹುಡುಗಿಯರು. ಆರು ದಿನದ ಹಿಂದೆ ಊರಿಗೆ ಬಂದ ಮಗು ಗುಂಪಿನ ಜೊತೆ ಓಡಿ, ಹದಿನಾಲ್ಕನೆಯ ಮನೆಗೆ ನುಗ್ಗಿತು.

ನಮ್ಮ ಮನೆಯ ನಾಯಕಿ ಬ್ರಿನ್ ಅವಳನ್ನು ಬಾಚಿ ತಬ್ಬಿಕೊಂಡಳು. "ನೀನು ಬಂದೇ ಬರ್ತೀಯ ಅಂತ ನಂಗೊತ್ತಿತ್ತು ಕಣೇ! ಮೊದಲ ದಿನಾನೇ ಅಂದ್ಕೊಂಡೆ, ಇವಳು ನಮ್ಮವಳೇ ಅಂತ!" ಎಂದು ನಿಜವಾದ ಕಣ್ಣೀರನ್ನೇ ಸುರಿಸಿ, ಮೂಗು ಒರೆಸಿಕೊಂಡು, "ಅಂದಹಾಗೆ, ನಿನ್ನ ಹೆಸರೇನೇ?" ಎಂದು ಕೇಳಿದಳು. ಅಂಗಿ ತೊಡಿಸಿದರು, ಎತ್ತಿ ಕುಣಿಸಿದರು, ಫೋಟೊ ತೆಗೆದರು, ಕೇಕು ತಿನ್ನಿಸಿದರು. ಮೂರು ಗಂಟೆಯ ಕಾಲ ಯಾರಿಗೂ ಏನೂ ಗೊತ್ತಾಗಲಿಲ್ಲ. ಅಂಗಿ ಒಂದು ಕಡಿಮೆ ಬಿತ್ತೆಂದು ನಾನು ಪಟ್ಟಿ ಹಿಡಿದು ಹುಡುಕಿದಾಗ ಅವಳು ನನ್ನ ಅಡುಗೆಮನೆಯಲ್ಲಿ, ಯಾರೂ ಹೇಳದೆಯೇ, ತಟ್ಟೆ ಒರೆಸುತ್ತಿದ್ದಳು.

"ಮಗಳೇ, ಪಟ್ಟೀಲಿ ನಿನ್ನ ಹೆಸರೇ ಇಲ್ವಲ್ಲ," ಎಂದೆ.

"ಇದು ಹದಿನಾರಲ್ವಾ?"

"ಹದಿನಾರು ಬೇಲಿ ಆಚೆ ಕಣಮ್ಮ."

ಅವಳು ತಟ್ಟೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದಳು. "ಅಯ್ಯೋ ಮಿಸ್ ವೆಸ್ಟಾ, ಎಲ್ಲರನ್ನೂ ತಬ್ಬಿಕೊಂಡ್ಬಿಟ್ನಲ್ಲ! ಈಗ ಒಬ್ಬೊಬ್ಬರ ಹತ್ರಾನೂ ವಾಪಸ್ ಇಸ್ಕೋಬೇಕಾ?"

ಅವಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ, ತಮ್ಮವಳೊಬ್ಬಳು ಕಾಣೆಯಾಗಿದ್ದಾಳೆಯೇ ಎಂದು ವಿಚಾರಿಸಿದೆ. ಅಲ್ಲಿನ ನಾಯಕಿ ಎದೆಯ ಮೇಲೆ ಕೈಯಿಟ್ಟು, "ಛೆ ಛೆ, ಎಲ್ಲರೂ ಬಂದಿದ್ದಾರೆ. ಒಬ್ಬೊಬ್ಬ ತಂಗೀ ಮುಖಾನೂ ನಮ್ಮ ಎದೇಲಿ ಅಚ್ಚೊತ್ತಿದೆ," ಎಂದಳು. ಆ ತಂಗಿ ನನ್ನ ಪಕ್ಕದಲ್ಲೇ ನಿಂತಿದ್ದಳು.

ಹದಿನಾರನೆಯ ಮನೆಯ ಹುಡುಗಿಯರ ಮೇಲೆ ನನಗೆ ದೂರಿಲ್ಲ. ಒಳ್ಳೆಯ ಮಕ್ಕಳು, ಬೆಳಗಾಗುತ್ತಲೇ ಕುದುರೆ ಸವಾರಿಗೆ ಹೋಗುವವರು. ಕೋರಾಲಿಗೆ ಕುದುರೆಯೆಂದರೆ ಬಲು ಭಯ. ತಮ್ಮ ಮೂರು ಪ್ರಶ್ನೆಗಳಲ್ಲಿ ಕುದುರೆ ಇರಲಿಲ್ಲ. ಎಂಟು ವಾರ ಅವಳು ಅಲ್ಲಿ ಹೊಂದಿಕೊಳ್ಳಲು ನೋಡಿದಳು, ಗುರುವಾರ ಗುರುವಾರ ನನ್ನಲ್ಲಿಗೆ ಬಂದು ತಟ್ಟೆ ಒರೆಸಿದಳು. ನಮ್ಮ ಹುಡುಗಿಯರೂ ಈಗ ಅವಳ ಹೆಸರು ಕಲಿತಿದ್ದಾರೆ. ಅವಳು ಬರದ ಗುರುವಾರ ಕಿಟಕಿಯಲ್ಲಿ ಇಣುಕುತ್ತಾರೆ. ಬರುವ ಶನಿವಾರ ಹದಿನಾರನೆಯ ಮನೆಯಲ್ಲಿ ಕಾಯಂ ಸದಸ್ಯತ್ವದ ದೀಕ್ಷೆ. ದೀಕ್ಷೆಯಾದರೆ ಬದುಕಿರುವವರೆಗೆ ಬೇರೆ ಮನೆ ಸೇರುವಂತಿಲ್ಲ. ಬಿಟ್ಟುಬಂದರೆ ಒಂದು ವರ್ಷ ಯಾವ ಮನೆಯೂ ಅವಳನ್ನು ಸೇರಿಸಿಕೊಳ್ಳುವಂತಿಲ್ಲ. ಇದಕ್ಕೊಂದು ವಿನಾಯಿತಿ ಬೇಡಿ ನಾನು ಬರೆದ ಪತ್ರಕ್ಕೆ ತಾವು, ಕಂಪ್ಯೂಟರಿನ ಹೊಂದಾಣಿಕೆಯೇ ಅಂತಿಮವೆಂದು ಒಂದೂವರೆ ಸಾಲಿನಲ್ಲಿ ಉತ್ತರಿಸಿದ್ದೀರಿ. ಆ ಅರ್ಧ ಸಾಲು ತಮ್ಮ ಸಹಿ.

ಆದಕಾರಣ ಈಗ ಬಹಿರಂಗವಾಗಿ ಕೆಲವು ಬಿನ್ನಹಗಳು. ಆರು ದಿನವಾದರೂ ಏಕೆ ಕಾಯಬೇಕು? ಹೆರಿಗೆ ವಾರ್ಡಿನಲ್ಲೇ ಮಕ್ಕಳ ತೊಟ್ಟಿಲಿಗೆ ಸೋದರಿಸಂಘದ ಹೆಸರಿನ ಗ್ರೀಕ್ ಅಕ್ಷರ ತೂಗುಹಾಕಿದರೆ ಚೀಟಿಯ ಕಾಗದವಾದರೂ ಉಳಿದೀತು. ಸಹಿಯ ಬದಲು ಕಾಲಿನ ಗುರುತು ಒತ್ತಿಸಿಕೊಳ್ಳಬಹುದು. ಅದು ಆಗದಿದ್ದರೆ ನಮ್ಮ ಬೀದಿಯ ಹನ್ನೆರಡು ಮನೆಗಳನ್ನು ಒಡೆದು ಒಂದೇ ಉದ್ದ ಮನೆ ಕಟ್ಟಿಸಿ, ಯಾರು ಎಲ್ಲಿಗೆ ಓಡಿದರೂ ಸರಿಯಾದ ಮನೆಗೇ ಬಂದಂತಾಗಲಿ. ಅದೂ ದುಬಾರಿಯೆನಿಸಿದರೆ, ಮಾನ್ಯರೇ, ಸೇರ್ಪಡೆಯನ್ನು ಜನವರಿಗೆ ಹಾಕಿ. ಆಗ ಬೀದಿಯ ತುಂಬ ಮಂಜುಗಡ್ಡೆ, ಯಾರಿಗೂ ಓಡಲಾಗುವುದಿಲ್ಲ. ಒಂದೊಂದೇ ಹೆಜ್ಜೆ ಇಡುತ್ತ, ಮನೆ ನಂಬರು ಓದಿಕೊಂಡು ಬರುತ್ತಾರೆ.

ಹೊಸ ಊರಿನ ಒಂಟಿತನಕ್ಕೆ ಬೇಗ ಒಂದು ಮನೆ ಬೇಕೆಂದು ತಾವು ಹೇಳುವುದು ಸುಳ್ಳಲ್ಲ. ನಾನೂ ಹದಿನೆಂಟರಲ್ಲಿ ಬೆಟ್ಟವಿಳಿದು ಈ ಊರಿಗೆ ಬಂದು, ಸೆಪ್ಟೆಂಬರ್ ಪೂರ್ತಿ ದಿಂಬು ನೆನೆಸಿದವಳೇ. ಅದಕ್ಕೆ ಬಾಗಿಲು ತೆರೆದಿಟ್ಟರೆ ಸಾಕು. ಬರಲಿ, ಸೂಪು ಕುಡಿಯಲಿ, ನಮ್ಮವರ ಜಗಳಗಳನ್ನೂ ನೋಡಲಿ. ಸೂಪು ಕುಡಿಯಲು ಸಹಿ ಬೇಡ. ಇದನ್ನೇ ಬ್ರಿನ್‌ಗೆ ಹೇಳಿದಾಗ ಅವಳು ಬೆಚ್ಚಿಬಿದ್ದಳು: "ಮಿಸ್ ವೆಸ್ಟಾ! ಜನವರಿ ಅಷ್ಟೊತ್ತಿಗೆ ಅವರಿಗೆ ನಾವು ಎಂಥೋರು ಅಂತ ಗೊತ್ತಾಗ್ಬಿಡುತ್ತಲ್ಲ!"

"ಅದೇ ಕಣೇ ಆಗ್ಬೇಕಾಗಿರೋದು," ಎಂದೆ.

ಈ ಬಿನ್ನಹಗಳಿಗೆ ತಮ್ಮ ಉತ್ತರ ಬರಲೆಂದು ಕೋರಾಲಿ ಕಾಯಲಿಲ್ಲ. ನಿನ್ನೆ ಹದಿನಾರಕ್ಕೆ ನಡೆದುಕೊಂಡು ಹೋಗಿ, ಕ್ಷಮೆ ಕೇಳಿ, ಅವರ ಸಂಘದ ಗುರುತಿನ ಪಿನ್ನು ಹಿಂದಿರುಗಿಸಿ, ಬೇಲಿ ಸುತ್ತಿ ನನ್ನ ಅಡುಗೆಮನೆಗೆ ಬಂದಳು. "ಆರು ದಿನದಲ್ಲಿ ಕೆಡಿಸ್ಕೊಂಡಿದ್ದನ್ನ ಒಂದು ವರ್ಷ ತಗೊಂಡು ಸರಿ ಮಾಡ್ಕೋತೀನಿ. ಒರೆಸೋ ಬಟ್ಟೆ ಎಲ್ಲಿ?" ಎಂದಳು. ಕಾಯುವ ವರ್ಷದಲ್ಲಿ ತಟ್ಟೆ ಒರೆಸಬಾರದೆಂಬ ನಿಯಮವೂ ಇದ್ದರೆ ದಯಮಾಡಿ ಬರೆದು ಕಳುಹಿಸಿ; ಅದು ಬಂದ ದಿನ ನನ್ನ ಕನ್ನಡಕ ಕಳೆದುಹೋಗಿರುತ್ತದೆ.

ತಮ್ಮ ಆರೋಗ್ಯವನ್ನೂ, ಕಂಪ್ಯೂಟರಿನ ಆರೋಗ್ಯವನ್ನೂ ಹಾರೈಸುತ್ತ, ಮುಂದಿನ ಆಗಸ್ಟಿನಲ್ಲಿ ಬರಲಿರುವ ಮುನ್ನೂರು ಹುಡುಗಿಯರ ಪರವಾಗಿ,

ತಮ್ಮ ವಿಶ್ವಾಸಿ,
ವೆಸ್ಟಾ ಕ್ರ್ಯಾಬ್‌ಟ್ರೀ
ಹದಿನಾಲ್ಕನೆಯ ಮನೆ (ಹದಿನಾರಲ್ಲ)

ಮರೆತ ಮಾತು: ಮುಂದಿನ ವರ್ಷಕ್ಕೆಂದು ತಾವು ಅಚ್ಚು ಹಾಕಿಸಿರುವ ಪುಸ್ತಿಕೆ ಇಂದು ಕೈಸೇರಿತು. "ಪ್ರತಿ ಹುಡುಗಿಗೂ ಅವಳದೇ ಮನೆ, ಆರೇ ದಿನಗಳಲ್ಲಿ" ಎಂಬ ಸಾಲಿನ ಕೆಳಗೆ, ನಮ್ಮ ಹಳದಿ ಅಂಗಿ ತೊಟ್ಟು, ನಮ್ಮ ಹುಡುಗಿಯರ ಹೆಗಲೇರಿ, ಬಾಯ್ತುಂಬ ನಗುತ್ತಿರುವವಳು ಕೋರಾಲಿಯೇ. ಫೋಟೊ ಬದಲಿಸಬೇಡಿ, ಅದು ಸರಿಯಾಗಿದೆ. ಸೇರ್ಪಡೆಯ ತಾರೀಖು ಬದಲಿಸಿ.