ಚಿಕ್ಕಪ್ಪನ ಕೊಟ್ಟಣದಕ್ಕಿ

ಅಕ್ಕಿ ಮಿಲ್ಲು ಇಟ್ಟವರು ಮೀಸೆ ತಿರುವುತ್ತಾರೆ ತಾನೇ? ನಮ್ಮ ಚಿಕ್ಕಪ್ಪ ಮಾತ್ರ ಮಿಲ್ಲು ಇಟ್ಟ ದಿನದಿಂದ ತಲೆ ತಗ್ಗಿಸಿದವನು! ಅಷ್ಟು ನಾಚಿಕೆಯ ಮಾಲೀಕ ಇಡೀ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಆಣೆ ಇಟ್ಟು ಹೇಳಬಲ್ಲೆ.

ಐವತ್ತರ ದಶಕದಲ್ಲಿ ಅವನು ಹೊಳೆನರಸೀಪುರದಲ್ಲಿ ಡೀಸೆಲ್ ಇಂಜಿನ್ನಿನ ಮಿಲ್ಲು ತೆರೆದ. ಇಂಜಿನ್ನು ಕುಟುಕುಟು ಎನ್ನತೊಡಗಿದ್ದೇ ತಡ, ಮನೆಮನೆಗೆ ಹೋಗಿ ಭತ್ತ ಕುಟ್ಟುತ್ತಿದ್ದ ಹೆಂಗಸರ ಒನಕೆಗಳು ಮೂಲೆ ಸೇರಿದವು. ಅವರಲ್ಲಿ ಕೆಂಚಮ್ಮ ನಮ್ಮ ಮನೆಗೇ ಬಹಳ ವರ್ಷ ಕುಟ್ಟಿದವಳು. ಅವಳು ಎದುರಾದರೆ ಸಾಕು, ಚಿಕ್ಕಪ್ಪ ಕೊಡೆ ಬಿಚ್ಚಿ ಮುಖ ಮುಚ್ಚಿಕೊಳ್ಳುತ್ತಿದ್ದ.

"ಯಜಮಾನ್ರೆ, ಮಳೆ ಬತ್ತದಾ?" ಎಂದು ಅವಳು ಆಕಾಶ ನೋಡುತ್ತಿದ್ದಳು.

ಕೊನೆಗೆ ಅವನೊಂದು ಉಪಾಯ ಮಾಡಿದ. ನಮ್ಮ ಮನೆಯ ಭತ್ತವನ್ನು ತನ್ನ ಮಿಲ್ಲಿಗೆ ಹಾಕದೆ ಕೆಂಚಮ್ಮನಿಗೇ ಕುಟ್ಟಲು ಕೊಟ್ಟ. ಚಿಕ್ಕಮ್ಮ ಸುಮ್ಮನಿರುತ್ತಾಳೆಯೇ?

"ಊರೋರಿಗೆಲ್ಲ ಮಲ್ಲಿಗೆಯಂಥ ಅನ್ನ, ಮಿಲ್ಲಿನೋರ ಮನೇಲಿ ಕೆಂಪನ್ನ! ನೆಂಟರ ಮುಂದೆ ನನ್ನ ಮಾನ ಹೋಯ್ತು."

"ಕುಟ್ಟಿದ ಕೊಟ್ಟಣದಕ್ಕೀನೇ ಮೈಗೆ ಒಳ್ಳೇದು ಅಂತ ಡಾಕ್ಟ್ರು ಹೇಳಿದಾರೆ ಕಣೆ."

"ಯಾವ ಡಾಕ್ಟ್ರು?"

"ಅರಕಲಗೂಡಿನೋರು."

ಅವನು ಅರಕಲಗೂಡಿಗೆ ಹೋಗುತ್ತಿದ್ದದ್ದು ಮದುವೆ ಊಟಕ್ಕೆ ಮಾತ್ರ!

ಆಮೇಲೆ ಊರಿಗೆ ಕರೆಂಟು ಬಂತು. ಹಾಸನದಿಂದ ಮೋಟಾರು ತಂದದ್ದೂ ಆಯಿತು. ಗುಂಡಿ ಒತ್ತಿದರೆ ಓಡುವ ಮೋಟಾರಿಗೆ ಇಂಜಿನ್ ಡ್ರೈವರ್ ಏಕೆ? ಆದರೆ ಅದನ್ನು ಮೊದಲಿನಿಂದಲೂ ಇಂಜಿನ್ನು ಓಡಿಸುತ್ತಿದ್ದ ಬಷೀರ್ ಸಾಬರಿಗೆ ಹೇಳಲು ಚಿಕ್ಕಪ್ಪನಿಗೆ ಬಾಯೇ ಬರಲಿಲ್ಲ. ಹೊಸ ಮೋಟಾರಿಗೆ ಗೋಣಿಚೀಲ ಹೊದಿಸಿ, ಹೊಗೆ ಕಾರುವ ಇಂಜಿನ್ನನ್ನೇ ಓಡಿಸಿದ. ಕೇಳಿದವರಿಗೆ "ಆಷಾಢ ಕಳೀಲಿ" ಎಂದ. ಆಷಾಢ ಕಳೆಯಿತು. "ಪಿತೃಪಕ್ಷ ಕಳೀಲಿ" ಎಂದ. ಹಾಸನದ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು, "ಮುಂದೆ ಧನುರ್ಮಾಸವೂ ಇದೆ ಚಿಕ್ಕಪ್ಪ" ಎಂದು ಕುಟುಕಿದೆ. ಅವನಿಗೆ ನಿಜವಾಗಿಯೂ ಸಂತೋಷವಾಯಿತು!

ಕಡೆಗೊಂದು ದಿನ ಸಾಬರೇ ಗೋಣಿಚೀಲ ಎಳೆದುಹಾಕಿದರು.

"ಇನ್ನೆಷ್ಟು ದಿನ ಮುಚ್ಚಿಡ್ತೀರಾ ಸಾ? ತ್ವಾಟದೋರು ಪಂಪಿನ ಇಂಜಿನ್ ರಿಪೇರಿಗೆ ಕರೀತಾವ್ರೆ. ನಾ ಹೊಂಟೆ."

ಅವರು ಕೈ ಹಿಡಿದುಕೊಂಡಾಗಲೂ ಚಿಕ್ಕಪ್ಪ ನೆಲವನ್ನೇ ನೋಡುತ್ತಿದ್ದ.

ಅದೇ ವಾರ ಒಂದು ಮಧ್ಯಾಹ್ನ, ಮಿಲ್ಲು ನಿಂತಿದ್ದ ಹೊತ್ತಿನಲ್ಲಿ, ಕೆಂಚಮ್ಮ ಬುಟ್ಟಿ ಹೊತ್ತು ಹಿಂಬಾಗಿಲಿಗೆ ಬಂದಳು. "ಸಾಬ್ರಿಲ್ವಾ?" ಎಂಬ ದನಿ ಕೇಳಿದ್ದೇ ಚಿಕ್ಕಪ್ಪ ತೌಡಿನ ಮೂಟೆಯ ಹಿಂದೆ ಅಡಗಿದ. ಅವನ ನೆತ್ತಿ ಕಂಡದ್ದೇ ಕೆಂಚಮ್ಮ ಬಾಗಿಲ ಹಿಂದೆ ಅಡಗಿದಳು! ನಡುವೆ ನಾನೊಬ್ಬ. ಬುಟ್ಟಿಯಲ್ಲಿದ್ದದ್ದು ನಮ್ಮ ಮನೆಯ ಭತ್ತ.

"ರಟ್ಟೆ ಬಿದ್ದೋಗಿ ಬಾಳ ದಿನ ಆಯ್ತು ಯಜಮಾನ್ರೆ," ಎಂದಳು ಬಾಗಿಲ ಹಿಂದಿನಿಂದಲೇ. "ಒನಕೆ ಎತ್ತಕ್ಕಾಗಲ್ಲ. ನೀವು ಉಣ್ಣಕ್ಕೆ ಓದ ಒತ್ನಲ್ಲಿ, ಕೆಂಪು ಓಗ್ದಂಗೆ, ಸಾಬ್ರು ಇಲ್ಲೇ ಒಂದ್ಸಲ ಮಿಸೀನ್ಗೆ ಆಕ್ಕೊಡೋರು. ಕುಟ್ಟದೆ ಕೂಲಿ ಇಸ್ಕೊಳಕ್ಕೆ ನಾಚ್ಕೆ ಆಯ್ತಿತ್ತು. ಯೋಳಿದ್ರೆ ಅದೂ ಓಯ್ತದಲ್ಲ ಅಂತ ಸುಮ್ಕಿದ್ದೆ."

ಅಂದರೆ ಡಾಕ್ಟರ ಹೆಸರಿನಲ್ಲಿ ನಾವು ಉಣ್ಣುತ್ತಿದ್ದದ್ದು ನಮ್ಮ ಮಿಲ್ಲಿನ ಅಕ್ಕಿಯನ್ನೇ! ನನಗೆ ನಗು ಉಕ್ಕಿ ಬಂತು. ಚಿಕ್ಕಪ್ಪನ ಮುಖ ನೋಡಿ ನುಂಗಿಕೊಂಡೆ. ಅವನು ಮೂಟೆಯ ಹಿಂದಿನಿಂದ ಎದ್ದು ಬಂದು ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡ.

"ಮಿಲ್ಲು ಇಡೋವಾಗ್ಲೇ ನಿನ್ನ ಕೇಳ್ಬೇಕಿತ್ತು ಕೆಂಚಮ್ಮ, ಇನ್ಮೇಲೆ ಏನು ಮಾಡ್ತೀಯ ಅಂತ. ಇಷ್ಟು ವರ್ಷ ಬರೀ ನಾಚ್ಕೊಂಡೆ. ಕೇಳ್ಲೇ ಇಲ್ಲ."

ಕೆಂಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ್ಲಾದ್ರೂ ಕೇಳಿ."

ಚಿಕ್ಕಪ್ಪ ಮಣೆ ಎಳೆದುಕೊಂಡು ಅವಳ ಎದುರು ಕೂತ. ಕೇಳಿದ.

"ರಟ್ಟೆ ಬಿದ್ರೆ ಏನಾಯ್ತು, ಕಣ್ಣು ಇನ್ನೂ ಚೆಂದಾಗವೆ ಯಜಮಾನ್ರೆ. ಅಕ್ಕೀಲಿ ಕಲ್ಲು ಆರಿಸ್ತೀನಿ. ಕೂರಕ್ಕೊಂದು ಜಾಗ ಕೊಡಿ."

ಚಿಕ್ಕಪ್ಪ ತಾನು ಕೂತಿದ್ದ ಮಣೆ ಬಿಟ್ಟು ಎದ್ದ.